ಹೆಗಲು ಒಪ್ಪುವ ತೋಟಾ

ನಾಲ್ಕು ಜನ ಗಂಡಸರು ಒಟ್ಟಿಗೆ ಕೂತರೆ ಒಂದಾದರೂ ಅಂಕಿ ಆಡದೆ ಏಳುವುದಿಲ್ಲ. ನಮ್ಮ ಕಡೆ ಅದು ಬೋರ್‌ವೆಲ್ಲಿನ ಆಳ, ಅಡಿಕೆ ಧಾರಣೆ, ಊಟಕ್ಕೆ ಮುಂಚಿನ ಸಕ್ಕರೆ, ಊಟವಾದ ಮೇಲಿನ ಸಕ್ಕರೆ. ಪೆನ್ಸಿಲ್ವೇನಿಯಾದ ಹಳ್ಳಿಗಾಡಿನಲ್ಲಿ, ಅದರಲ್ಲೂ ನವೆಂಬರ್ ತಿಂಗಳಲ್ಲಿ, ಅದು ತೋಟಾದ ಅಳತೆ. ಮಗಳ ಮನೆಯಲ್ಲಿ ಚಳಿಗಾಲ ಕಳೆಯಲು ಹೋದ ಮಲೆನಾಡಿನ ನಿವೃತ್ತ ಮೇಷ್ಟ್ರು ನಾನು. ಕಾಫಿ ಅಂಗಡಿಯಲ್ಲಿ ಪಕ್ಕದ ಮೇಜಿನವರು 'ತರ್ಟಿ-ಆಟ್-ಸಿಕ್ಸ್' ಎಂದು ಒಬ್ಬರು, 'ಟೂ-ಸೆವೆಂಟಿ' ಎಂದು ಇನ್ನೊಬ್ಬರು ಪಟ್ಟು ಹಿಡಿದದ್ದು ಕಿವಿಗೆ ಬಿದ್ದಾಗ ಯಾವುದೋ ಸರ್ವೆ ನಂಬರಿನ ಬೇಲಿ ತಗಾದೆ ಅಂತಲೇ ತಿಳಿದಿದ್ದೆ.

ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಮೇಲಿನ ಸೋಮವಾರ ಜಿಂಕೆ ಬೇಟೆ ಶುರುವಾಗುವುದು ದಶಕಗಳ ಪದ್ಧತಿಯಾಗಿತ್ತು. ಅವತ್ತು ಎಷ್ಟೋ ಶಾಲೆಗಳಿಗೆ ರಜೆ. 2019ರಲ್ಲಿ ಸರ್ಕಾರ ಬೇಟೆಯ ಮೊದಲ ದಿನವನ್ನು ಹಬ್ಬ ಕಳೆದ ಮೇಲಿನ ಶನಿವಾರಕ್ಕೆ ತಂದಿತು. ಆದರೆ ಸೋಮವಾರದ ರಜೆ ಬಹುಮಟ್ಟಿಗೆ ಹಾಗೇ ಉಳಿಯಿತು. ಒಮ್ಮೆ ಕೊಟ್ಟ ರಜೆಯನ್ನು ವಾಪಸು ಪಡೆದ ಸರ್ಕಾರವನ್ನು ನನ್ನ ಇಡೀ ಸರ್ವೀಸಿನಲ್ಲಿ ನಾನೂ ಕಂಡಿಲ್ಲ. ಆ ದಿನಗಳಲ್ಲಿ ಊರಿಗೆ ಊರೇ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಓಡಾಡುತ್ತದೆ. ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು ಕಿತ್ತಳೆ ಕಾಣಬೇಕೆಂದು ಕಾನೂನು. ಜಿಂಕೆಯ ಕಣ್ಣಿಗೆ ಕೆಂಪು-ಹಸಿರಿನ ವ್ಯತ್ಯಾಸ ತಿಳಿಯುವುದಿಲ್ಲವಾದ್ದರಿಂದ ಈ ವೇಷ ಅದರ ಗಮನಕ್ಕೇ ಬರುವುದಿಲ್ಲವಂತೆ. ಮನುಷ್ಯ ಮನುಷ್ಯನಿಗೆ ಹೊಡೆಯದಿರಲಿ ಎಂದು ಮಾಡಿದ ಏರ್ಪಾಡು ಅದು.

ಪಕ್ಕದ ಮನೆಯ ಅಜ್ಜನ ತಲೆನೋವು ಬೇರೆ. ಹೈಸ್ಕೂಲು ಓದುವ ಮೊಮ್ಮಗಳು ಈ ಸಲ ತಾನೂ ಬರುತ್ತೇನೆಂದು ಹಟ ಹಿಡಿದಿದ್ದಳು. ಅವಳಿಗೆ ಯಾವ ರೈಫಲ್ ಕೊಡಿಸುವುದು? ಅಂದರೆ, ಯಾವ ತೋಟಾದ ರೈಫಲ್? ಬಂದೂಕು ಯಾವ ಕಂಪನಿಯದಾದರೂ ಆದೀತು, ತೋಟಾ ಸರಿಯಿರಬೇಕು ಎಂಬುದು ಅವರ ವಾದ. ಬೇಲಿಯಾಚೆಯಿಂದ ನನ್ನನ್ನೂ ಕೇಳಿದರು. ಈರುಳ್ಳಿಯನ್ನೂ ಯೋಚಿಸಿ ತಿನ್ನುವ ಮನೆಯವನನ್ನು ಕೇಳಿ ಪ್ರಯೋಜನವಿಲ್ಲ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ನಾನೂ ಬಾಯಿ ಬಿಡಲಿಲ್ಲ. ಅಭಿಪ್ರಾಯ ಕೇಳಿದರೆ ಇಲ್ಲವೆನ್ನುವುದು ಮೇಷ್ಟ್ರ ಜಾಯಮಾನವಲ್ಲ. ಎರಡು ದಿನ ಟೈಮು ಕೊಡಿ ಎಂದೆ.

ನನಗೂ ಕೋವಿಗೂ ಏನೇನೂ ಸಂಬಂಧವಿಲ್ಲ ಅಂತಲ್ಲ. ನಮ್ಮಜ್ಜನ ಹತ್ತಿರ ಒಂದು ಕೇಪಿನ ಕೋವಿ ಇತ್ತು. ಬೆಳೆ ಕಾಯಲು ಲೈಸೆನ್ಸ್ ಪಡೆದದ್ದು. ನಳಿಗೆಗೆ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಗುದ್ದಿ, ಚರೆ ಹಾಕಿ, ಮತ್ತೆ ನಾರು ತುರುಕಿ, ಮತ್ತೆ ಗುದ್ದಿ, ಹೊರಗುಳಿದ ಗಜಕ್ಕೆ ಬೆರಳಿಟ್ಟು ಈಡಿನ ಲೆಕ್ಕ ಹೇಳುತ್ತಿದ್ದರು. ಕಾಡುಕೋಳಿಗೆ ಇಷ್ಟು ಬೆರಳು, ಹಂದಿಗೆ ಇಷ್ಟು ಬೆರಳು. ಈ ಸಂಭ್ರಮವೆಲ್ಲ ಮುಗಿಯುವಷ್ಟರಲ್ಲಿ ಹಂದಿ ಗೆಣಸು ತಿಂದು ಕೈತೊಳೆದುಕೊಂಡು ಹೋಗಿರುತ್ತಿತ್ತು. ಇನ್ನು ಚುನಾವಣೆ ಬಂದರೆ ಕೋವಿ ಪೊಲೀಸ್ ಠಾಣೆಗೆ ಹೋಗಿ ಕೂರಬೇಕು. ಪ್ರಜಾಪ್ರಭುತ್ವದ ಹಬ್ಬವನ್ನು ನಮ್ಮೂರಿನ ಹಂದಿಗಳಷ್ಟು ನಿರಾತಂಕವಾಗಿ ಆಚರಿಸಿದವರು ಇನ್ನೊಬ್ಬರಿಲ್ಲ. ನಾನು ಕೇಳಿದ ಮೊದಲ ಬಂದೂಕುಶಾಸ್ತ್ರದ ಮಾತೂ ಅಜ್ಜನದೇ: ಒಂದು ಬೆರಳು ಹೆಚ್ಚಾದರೆ ಹಂದಿಗಿಂತ ಮೊದಲು ಹೊಡೆದವನು ಬೀಳುತ್ತಾನೆ.

ಅಮೆರಿಕದಲ್ಲಿ ಆ ಬೆರಳಿನ ಲೆಕ್ಕವನ್ನು ಕಾರ್ಖಾನೆಯವರೇ ಮಾಡಿ ಹಿತ್ತಾಳೆಯ ಚಿಪ್ಪಿನಲ್ಲಿ ಮುಚ್ಚಿ ಕೊಡುತ್ತಾರೆ. ಅವುಗಳಿಗೆ ಹೆಸರಿಟ್ಟ ಬಗೆಯಲ್ಲಿ ಮಾತ್ರ ಯಾವ ವ್ಯಾಕರಣವೂ ಇಲ್ಲ. .30-30ರಲ್ಲಿ ಎರಡನೆಯ ಮೂವತ್ತು ಮದ್ದಿನ ತೂಕ, ಗ್ರೇನ್ ಲೆಕ್ಕದಲ್ಲಿ. .30-06ರಲ್ಲಿ ಸೊನ್ನೆ-ಆರು ಎಂದರೆ 1906ನೇ ಇಸವಿ. 7x57ರಲ್ಲಿ ಐವತ್ತೇಳು ಚಿಪ್ಪಿನ ಉದ್ದ, ಮಿಲಿಮೀಟರಿನಲ್ಲಿ. 7 ಎಂಎಂ-08ರಲ್ಲಿ ಸೊನ್ನೆ-ಎಂಟು ಎಂದರೆ .308ರ ಚಿಪ್ಪಿನ ಕತ್ತು ಹಿಸುಕಿ ಕಿರಿದು ಮಾಡಿದ್ದು ಎಂದು ಅರ್ಥ. ಪರೀಕ್ಷೆಯಲ್ಲಿ ಹೀಗೆ ಪ್ರಶ್ನೆ ಕೊಟ್ಟಿದ್ದರೆ ಪೋಷಕರು ಡಿಡಿಪಿಐ ಕಚೇರಿಗೆ ಮುತ್ತಿಗೆ ಹಾಕುತ್ತಿದ್ದರು.

ಈ ಸಂತೆಯಲ್ಲಿ ಜೋರು ದನಿ ಮ್ಯಾಗ್ನಮ್‌ಗಳದು. ಮಾಮೂಲಿಗಿಂತ ಹೆಚ್ಚು ಮದ್ದು, ಹೆಚ್ಚು ವೇಗ, ಹೆಚ್ಚು ಸದ್ದು. ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದ ಹಾಗೆ ಕ್ಯಾಲಿಫೋರ್ನಿಯಾದಲ್ಲಿ ರಾಯ್ ವೆದರ್‌ಬೀ ಎಂಬಾತ ವೇಗವೇ ಸರ್ವಸ್ವ ಎಂದು ಸಾರಿ ಅಂಗಡಿ ತೆರೆದ. 1962ರಲ್ಲಿ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ ಬಂತು, ಮರುವರ್ಷ .300 ವಿಂಚೆಸ್ಟರ್ ಮ್ಯಾಗ್ನಮ್. ರಾಕಿ ಪರ್ವತದ ಬಟಾಬಯಲಿನಲ್ಲಿ ಎಲ್ಕ್ ಹೊಡೆಯುವವನಿಗೆ ಇವು ಬೇಕಾದಾವು. ಆದರೆ ಮಾರಾಟವಾದದ್ದು ಹೆಚ್ಚಾಗಿ ಐವತ್ತು ಗಜದಾಚೆ ಮರ ಬಿಟ್ಟು ಏನೂ ಕಾಣದ ಕಾಡಿನಲ್ಲಿ, ಮನುಷ್ಯನಷ್ಟೇ ತೂಗುವ ಬಿಳಿಬಾಲದ ಜಿಂಕೆಗಾಗಿ ಕಾದು ಕೂರುವವರಿಗೆ ಎಂದು ನನ್ನ ಗುಮಾನಿ. ಇಬ್ಬರ ಸಂಸಾರದ ಕಾಫಿಗೆ ಮದುವೆ ಮನೆಯ ಕೊಪ್ಪರಿಗೆ ಇಟ್ಟ ಹಾಗೆ.

ಪಕ್ಕದ ಮನೆಯ ಅಜ್ಜನೂ ಪ್ರಾಯದಲ್ಲಿ ಒಂದು ಮ್ಯಾಗ್ನಮ್ ಕೊಂಡವರೇ. ಅವರ ಬಲಹುಬ್ಬಿನ ಮೇಲೆ ಬಿದಿಗೆಯ ಚಂದ್ರನಂಥ ಒಂದು ಗಾಯದ ಗುರುತಿದೆ. ಬಂದೂಕಿನ ಮೇಲಿನ ದುರ್ಬೀನಿಗೆ ಕಣ್ಣು ತೀರಾ ಹತ್ತಿರವಿಟ್ಟು ಟ್ರಿಗರ್ ಎಳೆದರೆ, ಹಿಂದಕ್ಕೆ ಒದೆಯುವ ಬಂದೂಕು ದುರ್ಬೀನಿನ ಅಂಚಿನಿಂದ ಈ ಮುದ್ರೆ ಒತ್ತುತ್ತದೆ. ಅಲ್ಲಿಯ ಬೇಟೆಗಾರರ ಮುಖ ಸೂಕ್ಷ್ಮವಾಗಿ ನೋಡುತ್ತಾ ಹೋದರೆ ಮುದ್ರೆ ಒತ್ತಿಸಿಕೊಂಡ ವೈಷ್ಣವರಿಗಿಂತ ಇವರ ಸಂಖ್ಯೆ ಕಡಿಮೆಯೇನಲ್ಲ.

ಒದೆತದ ಲೆಕ್ಕ ನ್ಯೂಟನ್ನನ ಮೂರನೆಯ ನಿಯಮದ್ದು. ನಾನೇ ವರ್ಷಗಟ್ಟಲೆ ಕರಿಹಲಗೆಯ ಮೇಲೆ ಬರೆದು, ಹುಡುಗರಿಗೆ ಬಾಯಿಪಾಠ ಮಾಡಿಸಿದ್ದು. ಗುಂಡು ಮತ್ತು ಹೊಗೆ ಮುಂದಕ್ಕೆ ಹೋದಷ್ಟೂ ಬಂದೂಕು ಹಿಂದಕ್ಕೆ ಬರುತ್ತದೆ. ಮೂರೂವರೆ ಕಿಲೋ ಚಿಲ್ಲರೆ ತೂಕದ ರೈಫಲ್ ಹಿಡಿದರೆ, .243 ವಿಂಚೆಸ್ಟರ್ ಸುಮಾರು 9 ಅಡಿ-ಪೌಂಡ್ ಒದೆಯುತ್ತದೆ. 7 ಎಂಎಂ-08 ಹನ್ನೆರಡು-ಹದಿಮೂರು. .30-06 ಇಪ್ಪತ್ತರ ಸುತ್ತಮುತ್ತ. .300 ಮ್ಯಾಗ್ನಮ್ ಇಪ್ಪತ್ತೈದು ದಾಟುತ್ತದೆ. ಆಫ್ರಿಕಾದ ಕಾಡೆಮ್ಮೆಗೆಂದು ಮಾಡಿದ .458 ಅರವತ್ತರ ಆಸುಪಾಸು; ಅದರ ಮಾತು ಇಲ್ಲಿಗೆ ಸಾಕು. ಹದಿನೈದರ ಒಳಗಿದ್ದರೆ ಹೆಚ್ಚಿನವರು ಸಂತೋಷದಿಂದ ಹೊಡೆಯುತ್ತಾರೆ, ಇಪ್ಪತ್ತಕ್ಕೆ ಹಲ್ಲು ಕಚ್ಚುತ್ತಾರೆ, ಅದರಾಚೆ ನಗುನಗುತ್ತಾ ಸುಳ್ಳು ಹೇಳುತ್ತಾರೆ. ರೈಫಲ್ ಭಾರವಾದರೆ ಒದೆತ ಕಡಿಮೆ, ಆದರೆ ಅದನ್ನು ಗುಡ್ಡ ಹತ್ತಿಸಬೇಕಾದವರು ಯಾರು? ಹಗುರ ರೈಫಲ್ ಮಾಡಿ ಅದಕ್ಕೆ ಮ್ಯಾಗ್ನಮ್ ತುಂಬಿದರೆ ಅದು ಕೊಂಡವನಿಗೆ ವಿಧಿಸಿದ ಶಿಕ್ಷೆ. ನಳಿಗೆಯ ತುದಿಗೆ ರಂಧ್ರಗಳಿರುವ ಒಂದು ಬ್ರೇಕ್ ಹಾಕಿಸಿದರೆ ಒದೆತ ತಗ್ಗುತ್ತದೆ ನಿಜ. ಹೊಗೆ ಪಕ್ಕಕ್ಕೆ ತಿರುಗುವುದರಿಂದ ಸದ್ದು ಪಕ್ಕದವನ ಕಿವಿಗೆ ಹೋಗುತ್ತದೆ. ಒದೆತ ನಮ್ಮದು, ಕಿವುಡು ಅವನದು.

ನೋವಾದರೂ ತಡೆದುಕೊಳ್ಳಬಹುದಿತ್ತು. ತೊಂದರೆ ಇರುವುದು ಬೆಚ್ಚುವುದರಲ್ಲಿ. ಎರಡು ಸಲ ಒದೆಸಿಕೊಂಡ ಹೆಗಲು ಮೂರನೆಯ ಸಲ ಟ್ರಿಗರ್ ಎಳೆಯುವ ಮುಂಚೆಯೇ ಹಿಂಜರಿಯುತ್ತದೆ, ಕಣ್ಣು ತಾನಾಗಿ ಮುಚ್ಚುತ್ತದೆ, ಗುಂಡು ಎಲ್ಲಿಗೋ ಹೋಗುತ್ತದೆ. ಬೆಚ್ಚುವವನಿಗೆ ತಾನು ಬೆಚ್ಚುತ್ತಿದ್ದೇನೆಂದು ಗೊತ್ತಾಗುವುದೂ ಇಲ್ಲ, ಏಕೆಂದರೆ ಅದೇ ಕ್ಷಣದಲ್ಲಿ ಬಂದೂಕು ಅಲುಗಾಡಿ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಇದನ್ನು ಹಿಡಿಯಲು ಗುರಿ ಕಲಿಸುವವರ ಬಳಿ ಒಂದು ಹಳೆಯ ಉಪಾಯವಿದೆ. ಶಿಷ್ಯನಿಗೆ ಹೇಳದೆ ನಡುವೆ ಒಂದು ಸುಳ್ಳು ತೋಟಾ ತುಂಬಿಡುವುದು. ಅವನು ಟ್ರಿಗರ್ ಎಳೆಯುತ್ತಾನೆ, ಟಿಕ್ ಎಂದಷ್ಟೇ ಸದ್ದಾಗುತ್ತದೆ, ಆದರೂ ನಳಿಗೆ ಗೋಣು ಹಾಕುತ್ತದೆ, ಹೆಗಲು ಕುಣಿಯುತ್ತದೆ, ಮುಖ ಹಿಂಡಿ ಹೋಗುತ್ತದೆ. ಅಜ್ಜ ನನ್ನನ್ನು ಊರಾಚೆಯ ಗುರಿ ಮೈದಾನಕ್ಕೆ ಕರೆದೊಯ್ದಾಗ ಆರಡಿ ಎತ್ತರದ, ಗಡ್ಡದ ಭೀಮಕಾಯನೊಬ್ಬ ಹೀಗೆ ಸಿಕ್ಕಿಬಿದ್ದದ್ದನ್ನು ಕಣ್ಣಾರೆ ಕಂಡೆ. ಮದ್ದಿಲ್ಲದ ಬಂದೂಕಿನಿಂದ ಅಷ್ಟು ಒದೆಸಿಕೊಂಡವನನ್ನು ನೋಡಿ ಯಾರೂ ನಗಲಿಲ್ಲ. ಅಲ್ಲಿದ್ದ ಪ್ರತಿಯೊಬ್ಬರೂ ತಮ್ಮ ಸರದಿಯನ್ನು ನೆನೆದು ಕೆಮ್ಮಿದರು.

ಹಾಗಾದರೆ ಮ್ಯಾಗ್ನಮ್‌ನಿಂದ ದಕ್ಕುವುದೇನು? ಎರಡು ರೈಫಲ್‌ಗಳನ್ನೂ 200 ಗಜಕ್ಕೆ ಗುರಿ ಹೊಂದಿಸಿದಿರಿ ಅನ್ನಿ. 300 ಗಜಕ್ಕೆ ಹೋಗುವಷ್ಟರಲ್ಲಿ 7 ಎಂಎಂ-08ರ ಗುಂಡು ಏಳೆಂಟು ಇಂಚು ಕೆಳಗಿಳಿದಿರುತ್ತದೆ. .300 ಮ್ಯಾಗ್ನಮ್ ಗುಂಡು ಆರೂವರೆ-ಏಳು ಇಂಚು. ಒಂದು ಇಂಚಿನ ಆಸುಪಾಸಿನ ಲಾಭಕ್ಕೆ ಒದೆತ ಎರಡರಷ್ಟು. ಗುಂಡಿನಲ್ಲಿ ಉಳಿದಿರುವ ಶಕ್ತಿ ಹೆಚ್ಚು ಎನ್ನುತ್ತಾರೆ, ಒಪ್ಪೋಣ. ಅರವತ್ತೆಪ್ಪತ್ತು ಕಿಲೋ ಜಿಂಕೆಗೆ ಅದರಲ್ಲಿ ಎಷ್ಟು ಬೇಕು ಎಂದು ಕೇಳಿದರೆ ಮಾತು ಬದಲಿಸುತ್ತಾರೆ. ಇಷ್ಟಕ್ಕೂ 300 ಗಜ ಎಂದರೆ ಕಾಲು ಕಿಲೋಮೀಟರಿಗಿಂತ ಹೆಚ್ಚು. ಅಷ್ಟು ದೂರದ ಜಿಂಕೆ ಆ ಕಾಡಿನಲ್ಲಿ ಕಣ್ಣಿಗೆ ಬೀಳುವುದು ಕರೆಂಟಿನ ಗೋಪುರಗಳಿಗೆಂದು ಮರ ಕಡಿದ ಜಾಗದಲ್ಲಿ ಮಾತ್ರ.

ಅಲ್ಲಿಯ ಹಳಬರು ಬಳಸುವ ಒಂದು ಪರೀಕ್ಷೆ ನನಗೆ ಇಷ್ಟವಾಯಿತು. ಊಟದ ಕಾಗದದ ತಟ್ಟೆ, ಒಂಬತ್ತು ಇಂಚು ಅಗಲದ್ದು, ಮರಕ್ಕೆ ಕಟ್ಟುವುದು. ಜಿಂಕೆಯ ಹೃದಯ-ಶ್ವಾಸಕೋಶಗಳ ಜಾಗ ಸುಮಾರು ಅಷ್ಟೇ. ಮೇಜಿಗೆ ಆನಿಸಿ ಹೊಡೆಯುವ ಹಾಗಿಲ್ಲ. ಕಾಡಿನಲ್ಲಿ ಹೇಗೆ ನಿಲ್ಲುತ್ತೀರೋ, ಕೂರುತ್ತೀರೋ, ಮೊಣಕಾಲೂರುತ್ತೀರೋ ಹಾಗೆಯೇ ಐದು ಗುಂಡು. ಐದೂ ತಟ್ಟೆಯೊಳಗೆ ಬಿದ್ದರೆ ಹತ್ತು ಹೆಜ್ಜೆ ಹಿಂದಕ್ಕೆ ಹೋಗಿ ಮತ್ತೆ ಐದು. ಒಂದು ಗುಂಡು ಆಚೆ ಹೋಯಿತೋ, ನಿಮ್ಮ ಬೇಟೆಯ ದೂರ ಅಲ್ಲಿಗೆ ಮುಗಿಯಿತು. ತೋಟಾದ ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ. ಈ ತಟ್ಟೆಯ ಮುಂದೆ ಸಾವಿರ ಗಜದ ಮಾತಾಡುವವರು ನೂರು ಗಜ ದಾಟುವುದು ಅಪರೂಪವಂತೆ. ನೂರು ಗಜಕ್ಕಾದರೆ 1895ರಲ್ಲಿ ಬಂದ .30-30 ಸಾಕು. ಆ ಸನ್ನೆಗೋಲಿನ ವಿಂಚೆಸ್ಟರ್ ಹಿಡಿದು ಆ ರಾಜ್ಯದ ಮೂರು ತಲೆಮಾರು ಚಳಿಗಾಲದ ಮಾಂಸ ಮನೆಗೆ ತಂದಿದೆ.

ಸಣ್ಣ ತೋಟಾದ ಪಕ್ಷ ವಹಿಸುವವರು ಕೊನೆಗೆ ಒಂದು ಹೆಸರು ತೆಗೆಯುತ್ತಾರೆ: ವಾಲ್ಟರ್ ಬೆಲ್. ಸ್ಕಾಟ್‌ಲೆಂಡಿನವನು, ಉಗಾಂಡಾದ ಕರಮೋಜಾ ಸೀಮೆಯಲ್ಲಿ ಅಲೆದದ್ದರಿಂದ ಕರಮೋಜೋ ಬೆಲ್. ಸಾವಿರಕ್ಕೂ ಹೆಚ್ಚು ಆನೆ ಹೊಡೆದ. ಅದರಲ್ಲಿ ಬಹುಪಾಲು ಜರ್ಮನಿಯ ಆ ಪುಟ್ಟ 7x57 ಮೌಸರ್ ತೋಟಾದಿಂದ. ಆನೆಯ ತಲೆಬುರುಡೆಯನ್ನು ಗರಗಸದಲ್ಲಿ ಸೀಳಿ ಮಿದುಳು ಎಲ್ಲಿ ಕೂತಿದೆ, ಯಾವ ಕೋನದಿಂದ ಹೊಡೆದರೆ ತಲುಪುತ್ತದೆ ಎಂದು ಅಭ್ಯಾಸ ಮಾಡಿದ್ದ. ಸಾವಿರ ಆನೆ ಎಂಬ ಸಂಖ್ಯೆ ಓದಿದರೆ ಇವತ್ತು ಹೊಟ್ಟೆ ತೊಳಸುತ್ತದೆ. ಅವನ ಉದಾಹರಣೆ ಹಿಡಿದು ಚಿಕ್ಕ ತೋಟಾದಿಂದ ಆನೆಯ ಎದುರು ನಿಂತವರು ತಮ್ಮ ಅನುಭವ ಬರೆಯಲು ಉಳಿದಿರಲಾರರು. ಅಜ್ಜನಿಗೆ ಅವನಿಂದ ಬೇಕಾದದ್ದು ಇಷ್ಟೇ: ಅವನಿಗೆ ತನ್ನ ಬಂದೂಕಿನ ಭಯವಿರಲಿಲ್ಲ.

ಇದೇ 7x57ಕ್ಕೆ ಲಂಡನ್ನಿನ ರಿಗ್ಬಿ ಕಂಪನಿ .275 ರಿಗ್ಬಿ ಎಂದು ಇಂಗ್ಲಿಷ್ ಹೆಸರಿಟ್ಟು ಮಾರಿತು. ಇಲ್ಲಿ ನನ್ನ ಕಿವಿ ನೆಟ್ಟಗಾಯಿತು. ಚಂಪಾವತದ ನರಭಕ್ಷಕ ಹೆಣ್ಣು ಹುಲಿಯನ್ನು 1907ರಲ್ಲಿ ಕೊಂದದ್ದಕ್ಕೆ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಹ್ಯೂವೆಟ್ ಸಾಹೇಬ ಜಿಮ್ ಕಾರ್ಬೆಟ್‌ಗೆ ಇನಾಮು ಕೊಟ್ಟದ್ದು ಇಂಥದ್ದೊಂದು ರೈಫಲ್. ಕಾರ್ಬೆಟ್ ಕಾಲವಾದ ಮೇಲೆ ಅದು ಅವನ ಪುಸ್ತಕಗಳ ಪ್ರಕಾಶಕರಾದ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನವರ ವಶದಲ್ಲಿತ್ತು. 2015ರಲ್ಲಿ ರಿಗ್ಬಿಯವರೇ ವಾಪಸು ಕೊಂಡರು. ತೇಜಸ್ವಿಯವರು ಕನ್ನಡಕ್ಕೆ ತಂದ 'ರುದ್ರಪ್ರಯಾಗದ ಭಯಾನಕ ನರಭಕ್ಷಕ'ವನ್ನು ಕಂದೀಲಿನ ಬೆಳಕಿನಲ್ಲಿ ಓದಿ, ರಾತ್ರಿ ಬಚ್ಚಲಿಗೆ ಹೋಗಲು ತಮ್ಮನನ್ನು ಎಬ್ಬಿಸುತ್ತಿದ್ದ ನನಗೆ ಆ ಚಿರತೆಯ ಉಗುರಿನ ಗೀರೂ ನೆನಪಿದೆ, ಕಾರ್ಬೆಟ್ಟನ ಬಂದೂಕಿನ ನಂಬರು ಮಾತ್ರ ಕಣ್ಣಿಗೇ ಬಿದ್ದಿರಲಿಲ್ಲ. ಅದೇ ತೇಜಸ್ವಿ 'ಕಾಡಿನ ಕಥೆಗಳು' ಎಂದು ಕೊಟ್ಟ ಬೆಂಗಳೂರಿನ ಕೆನೆತ್ ಆಂಡರ್ಸನ್ ಹಿಡಿಯುತ್ತಿದ್ದದ್ದು .405 ವಿಂಚೆಸ್ಟರ್. ಅದು ಒದೆಯುವುದಕ್ಕೇ ಹೆಸರುವಾಸಿ. ಕತ್ತಲಲ್ಲಿ, ಹತ್ತು ಗಜದಲ್ಲಿ, ತನ್ನನ್ನೇ ತಿನ್ನಲು ಬರುತ್ತಿರುವ ಹುಲಿಗೆ ಹೊಡೆಯುವವನು ಹೆಗಲಿನ ಯೋಗಕ್ಷೇಮ ವಿಚಾರಿಸುವುದಿಲ್ಲ ಅನ್ನಿ. ಅಲ್ಲಿ ದೊಡ್ಡ ತೋಟಾಕ್ಕೆ ನ್ಯಾಯವಿದೆ. ಜೋಳದ ಹೊಲಕ್ಕೆ ಮೇಯಲು ಬರುವ ಜಿಂಕೆ ಯಾರನ್ನೂ ತಿಂದ ದಾಖಲೆಯಿಲ್ಲ.

ಪುಸ್ತಕದ ಹುಲಿ ಬಿಡೋಣ, ಸ್ವೀಡನ್ನಿಗೆ ಬನ್ನಿ. ಅಲ್ಲಿಯ ಮೂಸ್ ನಮ್ಮ ಕಡವೆಯ ದೊಡ್ಡಪ್ಪ. ಗಂಡು ನಾನೂರು ಕಿಲೋ ದಾಟುತ್ತದೆ. ಪ್ರತಿವರ್ಷ ಶರತ್ಕಾಲದಲ್ಲಿ ಹತ್ತಾರು ಸಾವಿರ ಮೂಸ್‌ಗಳನ್ನು ಕಾನೂನುಬದ್ಧವಾಗಿ ಬೇಟೆಯಾಡುತ್ತಾರೆ. ತಲೆಮಾರುಗಳಿಂದ ಅದಕ್ಕೆ ಬಳಸಿದ ಪ್ರೀತಿಯ ತೋಟಾ 6.5x55. ಸ್ವೀಡನ್-ನಾರ್ವೆ ಸೈನ್ಯಗಳು 1894ರ ಹೊತ್ತಿಗೆ ಒಪ್ಪಿಕೊಂಡದ್ದು, ಒದೆತದಲ್ಲಿ ತೀರಾ ಸಾಧು. ಅಮೆರಿಕದ ಅಂಗಡಿಯವನು ಇದು ಜಿಂಕೆಗೆ ಸಾಲುತ್ತದೋ ಇಲ್ಲವೋ ಎಂದು ಹುಬ್ಬೇರಿಸುತ್ತಾನೆ; ಸ್ವೀಡನ್ನಿನ ಮೂಸ್ ಮಾತ್ರ ಆ ಚರ್ಚೆ ಓದದೆಯೇ ಬೀಳುತ್ತಾ ಬಂದಿದೆ. ಅಲ್ಲಿಯ ಕಾನೂನು ಮಾಡಿದವರೂ ಗಟ್ಟಿಗರು. ದೊಡ್ಡ ಪ್ರಾಣಿಗೆ 9 ಗ್ರಾಂ ಗುಂಡಾದರೆ 100 ಮೀಟರ್ ದೂರದಲ್ಲಿ 2700 ಜೂಲ್ ಶಕ್ತಿ ಉಳಿದಿರಬೇಕು. 10 ಗ್ರಾಂ ಮುಟ್ಟಿದರೆ 2000 ಜೂಲ್ ಸಾಕು. 6.5ರ ಉದ್ದನೆಯ ಗುಂಡು 10.1 ಗ್ರಾಂ ತೂಗುತ್ತದೆ. ಶಾಸ್ತ್ರ ಮೊದಲೋ ತೋಟಾ ಮೊದಲೋ ಎಂದು ನಾನು ಕೇಳಲು ಹೋಗುವುದಿಲ್ಲ. ಲೈಸೆನ್ಸಿಗೆ ಮುಂಚೆ, ಹಳಿಯ ಮೇಲೆ ಓಡುವ ಮರದ ಮೂಸ್‌ಗೆ 80 ಮೀಟರಿನಿಂದ ಹೊಡೆದು ತೋರಿಸಬೇಕು. ನಾರ್ವೆಯಲ್ಲಂತೂ ಪ್ರತಿವರ್ಷ ಪರೀಕ್ಷೆ, 100 ಮೀಟರಿನಿಂದ ಐದಕ್ಕೆ ಐದೂ 30 ಸೆಂಟಿಮೀಟರ್ ವೃತ್ತದೊಳಗೆ. ಪೆನ್ಸಿಲ್ವೇನಿಯಾದ ಕಾಗದದ ತಟ್ಟೆಯನ್ನು ಸರ್ಕಾರವೇ ಕಟ್ಟಿ ನಿಲ್ಲಿಸಿದೆ.

ಆ ಉದ್ದ ಗುಂಡಿನಲ್ಲೇ ಗುಟ್ಟಿದೆ. ತೆಳ್ಳಗೆ ಉದ್ದಕ್ಕಿರುವ ಗುಂಡು ಗಾಳಿಯನ್ನು ಸೀಳುವುದೂ ಸುಲಭ, ಮೈಯೊಳಗೆ ಆಳಕ್ಕೆ ಹೋಗುವುದೂ ಸುಲಭ. 2007ರಲ್ಲಿ ಬಂದು ಹುಡುಗರನ್ನೆಲ್ಲ ಮರುಳು ಮಾಡಿದ 6.5 ಕ್ರೀಡ್‌ಮೂರ್ ಇದೇ ಹಳೆಯ ಜಾಣತನವನ್ನು ಚಿಕ್ಕ ಚಿಪ್ಪಿನಲ್ಲಿ ಕೂರಿಸಿದ್ದು. ಇನ್ನು ಗುಂಡಿನ ಒಳರಚನೆ. ನರಿ-ಹೆಗ್ಗಣಕ್ಕೆಂದು ಮಾಡಿದ ತೆಳು ಕವಚದ ಹಗುರ ಗುಂಡನ್ನು ಜಿಂಕೆಗೆ ಹೊಡೆದರೆ ಹೆಗಲ ಮೂಳೆಗೆ ತಾಗಿ ಮೇಲೆಯೇ ಪುಡಿಯಾಗುತ್ತದೆ. ಪ್ರಾಣಿ ಗಾಯಗೊಂಡು ನರಳುತ್ತಾ ಓಡುತ್ತದೆ, ಹೊಡೆದವನು .243 ಕೆಲಸಕ್ಕೆ ಬಾರದ್ದು ಎಂದು ಊರಿಗೆಲ್ಲ ಸಾರುತ್ತಾನೆ. ಅದೇ .243ಕ್ಕೆ 100 ಗ್ರೇನಿನ ಗಟ್ಟಿ ಗುಂಡು ಹಾಕಿದ್ದರೆ ಆಗುತ್ತಿತ್ತು. ಹಾಗಿದ್ದೂ ಹೊಸಬರಿಗೆ .243 ಕೊಡಲು ನನಗೆ ಮನಸ್ಸಿಲ್ಲ. ಅದು ತಪ್ಪನ್ನು ಕ್ಷಮಿಸುವ ತೋಟಾ ಅಲ್ಲ. ಅಳೆದು ಹೊಡೆಯುವ ಹಳೆಯ ಕೈಗೆ ಸರಿ.

ನೋಡಿ, 'ನನಗೆ ಮನಸ್ಸಿಲ್ಲ' ಎನ್ನುವ ಮಟ್ಟಕ್ಕೆ ಬಂದೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಈ ಬಗೆಯ ಆಯ್ಕೆಯ ತಲೆನೋವೇ ಇಲ್ಲ, ಅದು ಒಳ್ಳೆಯದೇ ಆಯಿತು. ಇದ್ದಾಗಲೂ ಆಯ್ಕೆ ಅಷ್ಟಕ್ಕಷ್ಟೇ. ಸೈನ್ಯದ .303 ಸಾರ್ವಜನಿಕರ ಕೈಗೆ ಸಿಗಬಾರದೆಂದು ಬ್ರಿಟಿಷರು ನಿಷೇಧಿಸಿದ್ದರಿಂದ, ಆಸ್ಟ್ರಿಯಾದ ಹಳೆಯ ಮಾನ್‌ಲಿಕರ್ ತೋಟಾ .315 ಎಂಬ ಹೆಸರಿನಲ್ಲಿ ಇಲ್ಲಿ ಬಳಕೆಗೆ ಬಂತು. ಆರ್ಡ್‌ನೆನ್ಸ್ ಫ್ಯಾಕ್ಟರಿಯ .315 ಇವತ್ತಿಗೂ ಬ್ಯಾಂಕಿನ ಬಾಗಿಲಲ್ಲಿ, ಜಮೀನ್ದಾರರ ಗೋಡೆಯಲ್ಲಿ ಇದೆ. ಕೊಡಗಿನವರ ಮಾತು ಬೇರೆ. ಲೈಸೆನ್ಸಿನ ವಿನಾಯಿತಿಯೂ ಉಂಟು, ಕೈಲ್‌ಪೊಳ್ದು ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯವೂ ಉಂಟು. ತೆಂಗಿನಕಾಯಿ ಗಾಯಗೊಂಡು ಓಡುವುದಿಲ್ಲವಾದ್ದರಿಂದ ಅಲ್ಲಿ ತೋಟಾದ ಚರ್ಚೆ ಬೆಳೆದಿಲ್ಲ.

ಗಡುವು ಮುಗಿದು ಅಜ್ಜ ಬೇಲಿಯ ಬಳಿ ನಿಂತಾಗ ನಾನು 7x57 ಎಂದೆ. ಕಾರ್ಬೆಟ್ಟನ ಮೇಲಿನ ಅಭಿಮಾನ, ಇನ್ನೇನು. ಅವರು ನಕ್ಕು, ಬೇಟೆಯ ಹಿಂದಿನ ಸಂಜೆ ತೋಟಾ ಖಾಲಿಯಾದರೆ ಈ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಅದು ಸಿಗುವುದಿಲ್ಲ ಎಂದರು. ಕೊರೋನಾ ವರ್ಷಗಳಲ್ಲಿ ಮಾಮೂಲಿ .308 ಸಹ ಸಿಗದೆ ಕಪಾಟುಗಳು ಬೋಳಾಗಿದ್ದನ್ನು ಅವರು ಮರೆತಿರಲಿಲ್ಲ. ಅಂಗಡಿಯಲ್ಲಿ ಸಿಗುವುದರಲ್ಲಿ ಹೆಗಲು ಒಪ್ಪುವುದು ಯಾವುದು ಎಂದು ನೋಡಿ ಕೊನೆಗೆ ಕೊಂಡದ್ದು 7 ಎಂಎಂ-08. ಹೇಗೂ ಅದು 7x57ರ ಕೆಲಸವನ್ನೇ ಮಾಡುತ್ತದೆ ಎಂದು ನನ್ನ ಸಮಾಧಾನಕ್ಕೆ ಒಂದು ಮಾತೂ ಸೇರಿಸಿದರು. ಮೊಮ್ಮಗಳು ಎಂಬತ್ತು ಗಜದಲ್ಲಿ ತಟ್ಟೆಗೆ ಐದಕ್ಕೆ ಐದು ಹಾಕಿ, ಕಿವಿಯ ಮುಚ್ಚಳ ತೆಗೆದು, ಇಷ್ಟೇನಾ ಎಂದು ಕೇಳಿದಳು. ಅಜ್ಜ ತಾನೂ ಒಮ್ಮೆ ನೋಡುತ್ತೇನೆಂದು ಇಸಿದುಕೊಂಡರು. ಮತ್ತೊಮ್ಮೆ ನೋಡಿದರು. ಆ ಪೆಟ್ಟಿಗೆಯ ತೋಟಾ ಮುಗಿಯುವವರೆಗೂ ನೋಡಿದರು. ಅಲ್ಲಿಯ ಗಂಡಸರು ಕಡಿಮೆ ಒದೆಯುವ ರೈಫಲ್ ಬೇಕೆನಿಸಿದಾಗ ಹೆಂಡತಿಗೆಂದೋ ಮೊಮ್ಮಗಳಿಗೆಂದೋ ಕೊಳ್ಳುವುದು ವಾಡಿಕೆ ಎಂದು ನನ್ನ ಅಳಿಯ ಆಮೇಲೆ ಹೇಳಿದ.

ಮುಂದಿನ ವಾರ ಅಜ್ಜನ ಮ್ಯಾಗ್ನಮ್ ಪಟ್ಟಣದ ಅಂಗಡಿಯಲ್ಲಿ ಮಾರಾಟಕ್ಕೆ ಕೂತಿತು. ಹೊಸದರ ಹಾಗೆಯೇ ಇದೆ ಎಂದು ಚೀಟಿ ಅಂಟಿಸಿದ್ದರು, ಅದು ನಿಜವೂ ಹೌದು. ಜೊತೆಗೆ ಇಪ್ಪತ್ತು ತೋಟಾಗಳ ಒಂದು ಪೆಟ್ಟಿಗೆ ಉಚಿತ. ಅದರಲ್ಲಿ ಇನ್ನೂ ಹದಿನೇಳು ಉಳಿದಿದ್ದವು.